ಗ್ರೀನಿನ ಕೆಳಮನೆಯವರು

ಇಂಗ್ಲೆಂಡಿನ ಒಂದು ಗಾಲ್ಫ್ ಮೈದಾನ. ಅಕ್ಟೋಬರ್ ಬೆಳಗು, ರಾತ್ರಿಯಿಡೀ ಜಿನುಗಿದ ಮಳೆ. ಚೆಂಡನ್ನು ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸುವ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅದರ ತುಂಬ ಶ್ಯಾವಿಗೆ ಒರಳಿನಿಂದ ಇಳಿದಂತೆ ಸುರುಳಿ ಸುರುಳಿ ಮಣ್ಣಿನ ಗುಪ್ಪೆಗಳು. ಆರೋಪಿ ಕಪ್ಪು ತಲೆಯ ಎರೆಹುಳು. ಬಿಸಿಲೇರುವ ಮೊದಲು ಮಾತು ಮುಗಿಸಬೇಕೆಂಬ ಷರತ್ತಿನ ಮೇಲೆ ಸಿಕ್ಕರು. ಚರ್ಮದಿಂದಲೇ ಉಸಿರಾಡುವವರು, ಒಣಗಿದರೆ ಕಥೆ ಮುಗಿಯಿತು.

ಪ್ರ: ನಿಮ್ಮ ಮೇಲಿರುವ ದೂರು ಗೊತ್ತೇ?

ಉ: ಗೊತ್ತು ಸ್ವಾಮಿ. ಉಣ್ಣುವುದು ಒಳಗೆ, ಹೋಗುವುದು ಹೊರಗೆ. ಇಲ್ಲಿ ಹುಲ್ಲಿನ ಎತ್ತರ ಮೂರು ನಾಲ್ಕು ಮಿಲಿಮೀಟರ್. ಆ ನುಣುಪಿನ ಮೇಲೆ ಕಡಲೆಕಾಳಿನಷ್ಟು ಮಣ್ಣಿದ್ದರೂ ಚೆಂಡು ದಾರಿ ತಪ್ಪುತ್ತದೆ. ಯಂತ್ರ ಹರಿದರೆ ಸಗಣಿ ಸಾರಿಸಿದ ಹಾಗೆ ಬಳಿದುಕೊಂಡು ಅಡಿಯ ಹುಲ್ಲಿಗೆ ಉಸಿರು ಕಟ್ಟುತ್ತದೆ. ಆ ಕೆಸರಿನಲ್ಲಿ ಕಳೆಬೀಜ ಮೊಳೆಯುತ್ತದೆ. ಇಷ್ಟೂ ನಿಜ.

ಪ್ರ: ನಿಮ್ಮವರೆಲ್ಲರದೂ ಇದೇ ಚಾಳಿಯೇ?

ಉ: ಈ ದೇಶದಲ್ಲಿ ನಮ್ಮ ಜಾತಿಗಳು ಇಪ್ಪತ್ತಕ್ಕೂ ಹೆಚ್ಚು. ಹೀಗೆ ಮೇಲೆ ಗುಪ್ಪೆ ಹಾಕುವವರು ಕೆಲವರಷ್ಟೇ, ಉಳಿದವರು ಒಳಗೇ ಮುಗಿಸಿಕೊಳ್ಳುತ್ತಾರೆ. ವಿಷ ಹಾಕುವಾಗ ಮಾತ್ರ ಯಾರೂ ಜಾತಿ ಕೇಳಲಿಲ್ಲ.

(ನಮ್ಮ ಕಡೆಯಿಂದ ಹೋದ ನನಗೆ ಇದನ್ನು ಕೇಳಿ ಕೆಮ್ಮು ಬಂತು.)

ಪ್ರ: ಏನೇನು ಹಾಕಿದರು?

ಉ: ಒಂದು ಕಾಲದಲ್ಲಿ ನಿಮ್ಮ ದೇಶದ್ದೇ ಸರಕು. ಹಿಪ್ಪೆ ಹಿಂಡಿ!

ಪ್ರ: ನಮ್ಮ ಹಿಪ್ಪೆ ಮರವೇ?

ಉ: ಅದೇ. ಎಣ್ಣೆ ತೆಗೆದುಳಿದ ಹಿಂಡಿ ಹಡಗು ಹತ್ತಿ ಬರುತ್ತಿತ್ತು. ಇಲ್ಲಿ ಅದಕ್ಕೆ ‘ಮೌರಾ’ ಪುಡಿಯೆಂದು ಹೆಸರು. ಗ್ರೀನಿನ ಮೇಲೆ ಎರಚಿ ಧಾರಾಳವಾಗಿ ನೀರು ಬಿಡುತ್ತಿದ್ದರು. ಅದರಲ್ಲಿ ಸಪೋನಿನ್ ಇದೆ, ನಿಮ್ಮ ಅಂಟುವಾಳದಲ್ಲಿ ನೊರೆ ಬರುವುದೂ ಅದರಿಂದಲೇ. ಮೈ ಉರಿ ತಾಳದೆ ಬಿಲ ಬಿಟ್ಟು ರಾಶಿ ರಾಶಿ ಮೇಲೆ ಬರುತ್ತಿದ್ದೆವು, ಗುಡಿಸಿ ತುಂಬಿಕೊಂಡು ಹೋಗುತ್ತಿದ್ದರು. ಸೀಸದ ಆರ್ಸೆನೇಟೂ ಬಿತ್ತು, ಕ್ಲೋರ್ಡೇನೂ ಬಿತ್ತು. ಕ್ಲೋರ್ಡೇನ್ 1992ರಲ್ಲಿ ನಿಂತಿತು. ಕೊನೆಗೆ ಕಾರ್ಬೆಂಡಾಜಿಮ್, ನಿಮ್ಮ ಗೊಬ್ಬರದಂಗಡಿಯಲ್ಲಿ ಬೆಳೆಯ ಬೂಷ್ಟಿಗೆ ಕೊಡುತ್ತಾರಲ್ಲ, ಅದು. ಹುಲ್ಲುಹಾಸಿಗೆ ಅದನ್ನು ಹೊಡೆಯುವುದೂ 2017ಕ್ಕೆ ಮುಗಿಯಿತು.

ಪ್ರ: ಹಾಗಾದರೆ ಗೆದ್ದಿರಿ ಅನ್ನಿ.

ಉ: ಎಲ್ಲಿಯ ಗೆಲುವು! ಈಗ ಉಪವಾಸ ಕೆಡವುತ್ತಾರೆ. ಕತ್ತರಿಸಿದ ಹುಲ್ಲು ನಮ್ಮ ಬಾಯಿಗೆ ಬೀಳದಂತೆ ಡಬ್ಬಿಯಲ್ಲಿ ಹಿಡಿದು ಸಾಗಿಸುತ್ತಾರೆ. ಗಂಧಕ, ಕಬ್ಬಿಣದ ಸಲ್ಫೇಟ್ ಹಾಕಿ ಮಣ್ಣನ್ನು ಹುಳಿ ಮಾಡುತ್ತಾರೆ. ಮೇಲೊಂದು ಪದರ ಮೊನಚು ಮರಳು. ಬರಿಮೈಯವನಿಗೆ ಅದೆಂಥ ಹಾಸಿಗೆ, ನೀವೇ ಹೇಳಿ. ಮುಂಜಾನೆ ಮೈದಾನದ ಆಳು ಉದ್ದನೆಯ ಬೆತ್ತ ಹಿಡಿದು ಬರುತ್ತಾನೆ. ಗುಪ್ಪೆ ಒಣಗಿದ್ದರೆ ಬೀಸಿದ ಏಟಿಗೆ ಪುಡಿಯಾಗಿ ಹುಲ್ಲಿನ ಸಂದಿಗೆ ಇಳಿಯುತ್ತದೆ. ನನ್ನನ್ನು ಕೇಳಿದರೆ, ಇದ್ದುದರಲ್ಲಿ ಮರ್ಯಾದಸ್ಥ ಉಪಾಯ ಅದೊಂದೇ.

ಪ್ರ: ನಿಮ್ಮ ಪರ ಸಾಕ್ಷಿ ಹೇಳುವವರು?

ಉ: ಚಾರ್ಲ್ಸ್ ಡಾರ್ವಿನ್. 1881ರಲ್ಲಿ ನಮ್ಮ ಮೇಲೆಯೇ ಇಡೀ ಪುಸ್ತಕ ಬರೆದ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ನಮ್ಮ ಹೊಟ್ಟೆ ಹಾದು ಬರುತ್ತದೆಂದು ಲೆಕ್ಕ ಕೊಟ್ಟ. ನಮಗೆ ಕೇಳಿಸುತ್ತದೆಯೇ ಎಂದು ಅವನ ಮನೆಯಲ್ಲಿ ಪಿಯಾನೊ, ಬಾಸೂನ್ ಎಲ್ಲ ನುಡಿಸಿ ಪರೀಕ್ಷಿಸಿದರು. ಕಿವಿಯಿಲ್ಲದವರ ಮುಂದೆ ಸಂಗೀತ ಕಛೇರಿ!

ಪ್ರ: ನಮ್ಮಲ್ಲಿ ಇದೇ ಹಿಕ್ಕೆಯನ್ನು ಎರೆಗೊಬ್ಬರವೆಂದು ಚೀಲಕ್ಕೆ ತುಂಬಿ ಮಾರುತ್ತಾರೆ.

ಉ: ಕೇಳಿಬಲ್ಲೆ. ಅವರು ನಮ್ಮ ದಾಯಾದಿಗಳು, ತಿಪ್ಪೆಯ ಪಂಗಡ. ತೊಟ್ಟಿ ಕಟ್ಟಿಸಿ, ನೆರಳು ಮಾಡಿ, ಸಗಣಿ ಬಡಿಸಿ ಸಾಕುತ್ತಾರಂತೆ. ನಾನು ಬಿಟ್ಟಿಯಾಗಿ ಬಾಗಿಲಿಗೆ ತಂದಿಟ್ಟರೆ ಬೆತ್ತ. ಗಾಲ್ಫಿನ ನಿಯಮವೇ ಹೇಳುತ್ತದೆ: ಗುಪ್ಪೆಯನ್ನು ಕೈಯಲ್ಲಿ ತೆಗೆದು ಪಕ್ಕಕ್ಕೆ ಹಾಕಬಹುದು, ದಂಡವಿಲ್ಲ. ಬಗ್ಗಲು ಸೊಂಟ ಬೇಕು, ಅಷ್ಟೆ.

ಅಷ್ಟರಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹೊರಟಿತು. ಸದ್ದು ಅವರಿಗೆ ಕೇಳಿಸದು, ನೆಲ ಅದುರಿದ್ದು ತಿಳಿಯಿತು. ಹಿಂದುಹಿಂದಾಗಿ ಬಿಲಕ್ಕೆ ಸರಿಯುತ್ತಲೇ ಒಂದು ಮಾತು ಹೇಳಿದರು: “ಪತ್ರಿಕೆಯಲ್ಲಿ ಕೀಟ ಎಂದು ಹಾಕಬೇಡಿ. ಕೀಟಕ್ಕೆ ಆರು ಕಾಲು. ನನಗೆ ಒಂದೂ ಇಲ್ಲ.”