ಲೋಹಪರೀಕ್ಷಾ ಮೀಮಾಂಸೆ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಹಳೇ ಮಿಷನ್ನುಗಳ ‘ಕಂಡೀಷನ್’ ಕುರಿತು

ಈ ಪ್ರಬಂಧದ ವ್ಯಾಪ್ತಿ ಚಿಕ್ಕದು. ಒಂದು ಕಡೆ ಅರಸೀಕೆರೆ ಜಂಕ್ಷನ್ನು, ಇನ್ನೊಂದು ಕಡೆ ಬೇಲೂರಿನ ಕಾಫಿ ತೋಟ, ನಡುವೆ ಜಾವಗಲ್ಲು, ಹಳೇಬೀಡು. ಈ ಸೀಮೆಯಲ್ಲಿ ಮೊಬೈಲಿನ ಫೋಟೊ ನೋಡಿ ಕೊಂಡ ಹಳೇ ಡ್ರಿಲ್ಲು, ಗ್ರೈಂಡರು, ಮರ ಕುಯ್ಯುವ ಗರಗಸ, ಕಳೆ ಹೊಡೆಯುವ ಮಿಷನ್ನುಗಳ ಬಗ್ಗೆ ಏಳುವ ವ್ಯಾಜ್ಯಗಳೇ ಇಲ್ಲಿನ ವಿಷಯ. ಇದನ್ನು ಓದಲು ಅಧಿಕಾರಿ ಯಾರು? ‘ಗುಡ್ ಕಂಡೀಷನ್’ ಎಂಬ ಎರಡು ಶಬ್ದಗಳನ್ನು ನಂಬಿ ಒಮ್ಮೆಯಾದರೂ ದುಡ್ಡು ಕಳಿಸಿದವನು. ಪ್ರಯೋಜನವೇನು? ದುಡ್ಡು ವಾಪಸ್ ಬರುವುದಿಲ್ಲ, ಜ್ಞಾನ ಬರುತ್ತದೆ. ಶಾಸ್ತ್ರಗ್ರಂಥದ ಮೊದಲಿಗೇ ಹೇಳಬೇಕಾದ ಅನುಬಂಧ ಚತುಷ್ಟಯದಲ್ಲಿ (ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧ) ಉಳಿದ ಸಂಬಂಧವನ್ನು ಕೈಬಿಡಲಾಗಿದೆ. ಮಾಲು ಕೈ ಬದಲಿಸಿದ ಅರ್ಧ ಗಂಟೆಯಲ್ಲಿ ಕೊಂಡವನಿಗೂ ಮಾರಿದವನಿಗೂ ಯಾವ ಸಂಬಂಧವೂ ಉಳಿದಿರುವುದಿಲ್ಲ.

ಮೊದಲು ಆಕರಗಳ ವಿಚಾರ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ 1902ರಲ್ಲೇ ಪ್ರಕಟಿಸಿದರು. ಮೊಬೈಲಿನಲ್ಲಿ ಬರುವ ಮಾರಾಟದ ಜಾಹೀರಾತುಗಳನ್ನು ಇಂದಿನ ತನಕ ಯಾವ ವಿದ್ವಾಂಸರೂ ಸಂಪಾದಿಸಿಲ್ಲ. ಇದು ಅನ್ಯಾಯ, ಏಕೆಂದರೆ ಎರಡರ ರಚನೆಯೂ ಒಂದೇ. ನಮ್ಮ ಸೀಮೆಯ ಮಾದರಿ ಪಾಠವೊಂದನ್ನು ಗಮನಿಸಿ: “ಕಳೆ ಹೊಡೆಯೋ ಮಿಷನ್, ಒಂದೇ ಕೈ, ಮನೆ ತೋಟಕ್ಕೆ ಮಾತ್ರ ಬಳಸಿದ್ದು, ಎರಡು ವರ್ಷ ಹಳೇದು, ಒಂದೇ ಎಳೆತಕ್ಕೆ ಸ್ಟಾರ್ಟು, ಗುಡ್ ಕಂಡೀಷನ್, ಅರ್ಜೆಂಟ್ ಸೇಲ್, ಟೈಂಪಾಸ್‌ನೋರು ಫೋನ್ ಮಾಡಬೇಡಿ.” ಇದರಲ್ಲಿ ‘ಒಂದೇ ಕೈ’ ಎಂಬಲ್ಲಿಂದ ಪ್ರಶಸ್ತಿ ಭಾಗ ಶುರುವಾಗುತ್ತದೆ. ‘ಎರಡು ವರ್ಷ ಹಳೇದು’ ಎಂಬುದು ಕಾಲಸೂಚನೆ. ಶಕವರ್ಷ ಹೇಳುವ ಶಾಸನಕ್ಕಿಂತ ಇದು ಗಟ್ಟಿ, ಏಕೆಂದರೆ ಜಾಹೀರಾತು ಎಷ್ಟು ಕಾಲ ಹಾಗೇ ಬಿದ್ದಿದ್ದರೂ ಮಿಷನ್ನಿಗೆ ಎರಡೇ ವರ್ಷ. ಕೊನೆಯ ಸಾಲು ಶಾಪಾಶಯ. ದಾನಕ್ಕೆ ಅಳುಪಿದವರು ನರಕಕ್ಕೆ ಹೋಗುತ್ತಾರೆಂದು ಶಾಸನ ಹೆದರಿಸಿದರೆ, ಇಲ್ಲಿ ಟೈಂಪಾಸಿನವರು ಬ್ಲಾಕ್ ಆಗುತ್ತಾರೆ.

ಹಲ್ಮಿಡಿ ಇರುವುದೂ ಬೇಲೂರು ತಾಲ್ಲೂಕಿನಲ್ಲೇ. ಅಂದರೆ ಕೊಟ್ಟದ್ದನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ ಈ ಕಡೆಯವರಿಗೆ ಸುಮಾರು ಕ್ರಿ.ಶ. 450ರಿಂದ ಇದೆ. ಬರೆದದ್ದರ ಪ್ರಕಾರ ನಡೆದುಕೊಳ್ಳುವ ಅಭ್ಯಾಸ ಯಾವಾಗ ಶುರುವಾಯಿತೆಂಬುದು ಬೇರೆ ಸಂಶೋಧಕರ ವಿಷಯ.

ಇನ್ನು ಮೂರ್ತಿಶಿಲ್ಪ, ಅಂದರೆ ಫೋಟೊ. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಅದರ ಮುಂದಿನ ಮಂಟಪಕ್ಕೆ ಹದಿನಾರು ಮೂಲೆಗಳ ನಕ್ಷತ್ರದ ತಳವಿನ್ಯಾಸವಿದೆ. ಇಂಥ ಕಟ್ಟಡವನ್ನು ದಿನಾ ನೋಡುತ್ತ ಬೆಳೆದವನಿಗೆ ಒಂದು ವಸ್ತುವಿಗೆ ಹಲವು ಮುಖಗಳಿರುತ್ತವೆ ಎಂಬುದು ಗೊತ್ತಿರಬೇಕಿತ್ತು. ಅವನು ಹಾಕುವ ಫೋಟೊಗಳಲ್ಲಿ ಮಾತ್ರ ಗ್ರೈಂಡರಿಗೆ ಒಂದೇ ಮುಖ. ಹಿಂಬದಿಯ ಗಾಳಿಕಿಂಡಿಯೊಳಗೆ ಕಾರ್ಬನ್ ಬ್ರಷ್ ಸವೆದು ಆರ್ಮೇಚರಿನ ಮೇಲೆ ಕಿಡಿಗಳು ಸುತ್ತು ಹೊಡೆಯುವ ದೃಶ್ಯವನ್ನು ಯಾವ ಮಾರಾಟಗಾರನೂ ಚಿತ್ರಿಸಿದ ದಾಖಲೆಯಿಲ್ಲ. ವ್ಯಾಟ್ಸು, ವೋಲ್ಟು ಬರೆದಿರುವ ತಗಡಿನ ಫಲಕವನ್ನು ತೋರಿಸಿದರೂ ಅಕ್ಷರಗಳು ಸವೆದಿರುತ್ತವೆ, ಬೆರಳೊಂದು ಅಡ್ಡ ಬಂದಿರುತ್ತದೆ. ಶಾಸನತಜ್ಞರು ಇಂಥ ಕಡೆ ಚುಕ್ಕಿ ಹಾಕಿ ‘ತ್ರುಟಿತ’ ಎಂದು ಬರೆಯುತ್ತಾರೆ. ಕೊಳ್ಳುವವನು ಅದೇ ಜಾಗದಲ್ಲಿ ತನಗೆ ಬೇಕಾದ ಅಂಕಿಯನ್ನು ಓದಿಕೊಳ್ಳುತ್ತಾನೆ.

ದೋಷಗಳಲ್ಲಿ ಎರಡು ಸಂಪ್ರದಾಯಗಳಿವೆ. ಬೇಲೂರಿನ ಕಡೆಯದು ಮಲೆನಾಡ ಶಾಖೆ, ಅದರ ಲಕ್ಷಣ ತುಕ್ಕು. ಅರಸೀಕೆರೆಯ ಕಡೆಯದು ಬಯಲು ಶಾಖೆ, ಅದರ ಲಕ್ಷಣ ದೂಳು. ತುಕ್ಕು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ಮೇಲೆ ಸ್ಪ್ರೇ ಪೇಂಟ್ ಬೀಳುತ್ತದೆ. ದೂಳು ಕಾಣುವುದಿಲ್ಲ. ಏರ್ ಫಿಲ್ಟರ್ ಹರಿದಿದ್ದರೆ ಅದು ಸಿಲಿಂಡರಿನೊಳಗೆ ಹೊಕ್ಕು ಪಿಸ್ಟನ್ ರಿಂಗನ್ನು ತೇಯುತ್ತದೆ, ಹೊರಗೆ ಮಿಷನ್ನು ಫಳಫಳ ಹೊಳೆಯುತ್ತಿರುತ್ತದೆ. ತೆಂಗಿನ ತೋಟದವನು ಕಾಫಿ ತೋಟದವನಿಗೆ ಮಾರಿದಾಗ ಎರಡೂ ಶಾಖೆಗಳು ಒಂದೇ ಯಂತ್ರದಲ್ಲಿ ಸಂಗಮಿಸುತ್ತವೆ. ಉಭಯ ಶಾಖೆಗಳಿಗೂ ಸಮಾನವಾದ ಮಹಾದೋಷವೆಂದರೆ ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸದೆ ಓಡಿಸಿರುವುದು. ಇಂಥ ಮಿಷನ್ನುಗಳ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು, ಬೇರೆ ದಾರಿಯಿಲ್ಲ. ಒಮ್ಮೆ ಮರೆತರೂ ಪಿಸ್ಟನ್ನಿನ ಮೈಮೇಲೆ ಗೀರು ಬೀಳುತ್ತದೆ. ಆ ಗೀರು ಮಾತ್ರ ನಿಜವಾದ ಶಾಸನ, ಸೈಲೆನ್ಸರ್ ಬಿಚ್ಚಿದರೆ ಟಾರ್ಚ್ ಬೆಳಕಿನಲ್ಲಿ ಓದಬಹುದು. ಬಿಚ್ಚಲು ಯಾರೂ ಬಿಡುವುದಿಲ್ಲ.

ಈಗ ವ್ಯಾಜ್ಯದ ಸ್ವರೂಪ. ಪೂರ್ವಪಕ್ಷ ಹೀಗಿರುತ್ತದೆ:

“ಅಣ್ಣ, ಮನೆಗೆ ತಂದ್ಮೇಲೆ ಸ್ಟಾರ್ಟೇ ಆಗ್ತಿಲ್ಲ ಕಣಣ್ಣ.”

“ನಿಮ್ ಮುಂದೆನೇ ಎಳೆದು ತೋರಿಸಿದ್ನಲ್ಲ ಸಾ. ಒಂದೇ ಎಳೆತಕ್ಕೆ ಆಯ್ತು, ನೀವೇ ನೋಡಿದ್ರಿ.”

“ಆಗ ಆಯ್ತು, ಈಗ ಆಗ್ತಿಲ್ಲ.”

“ಆಗ ನಂದಾಗಿತ್ತು, ಈಗ ನಿಮ್ದು.”

ಈ ಕೊನೆಯ ವಾಕ್ಯದಲ್ಲಿ ಇಡೀ ದರ್ಶನ ಅಡಗಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮಾರಿದವನು ಮಿಷನ್ನಿನ ಭೂತಕಾಲವನ್ನು ವರ್ಣಿಸಿದ, ಕೊಂಡವನು ಭವಿಷ್ಯತ್ಕಾಲಕ್ಕೆ ದುಡ್ಡು ಕೊಟ್ಟ. ‘ಕಂಡೀಷನ್’ ಎಂಬುದು ವರ್ತಮಾನದಲ್ಲಿ, ಎರಡೇ ನಿಮಿಷ, ಜಾವಗಲ್ಲಿನ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಇತ್ತು. ಆ ಎರಡು ನಿಮಿಷದ ಹಿಂದೊಂದು ರಹಸ್ಯವಿದೆ: ಮಾರುವವನು ಹೊರಡುವ ಮುಂಚೆ ಮನೆಯಲ್ಲೇ ಹತ್ತಾರು ಸಲ ಎಳೆದು ಇಂಜಿನ್ ಬಿಸಿ ಮಾಡಿಕೊಂಡು ಬಂದಿರುತ್ತಾನೆ. ಬಿಸಿ ಇಂಜಿನ್ನು ಯಾರು ಎಳೆದರೂ ಓಡುತ್ತದೆ. ಸೈಲೆನ್ಸರಿನ ಮೇಲೆ ಕೈಯಿಟ್ಟು ನೋಡುವುದು ಈ ಶಾಸ್ತ್ರದ ಪ್ರಥಮ ಪ್ರಮಾಣ. ಬಿಸಿಯಿದ್ದರೆ ಕಾಫಿ ಕುಡಿದು, ಅದು ಆರುವ ತನಕ ಕಾಯುವುದು. ಎರಡನೆಯ ಪ್ರಮಾಣ: ಎಳೆಯುವ ಹಗ್ಗದ ಹಿಡಿ ಹಿಡಿದು ಮಿಷನ್ನನ್ನು ನೇತುಬಿಡುವುದು. ನಿಧಾನಕ್ಕೆ, ತಡೆ ತಡೆದು ಇಳಿದರೆ ಕಂಪ್ರೆಷನ್ ಉಂಟು. ಸರ್ರನೆ ಇಳಿದರೆ ಬಂದ ಬಸ್ಸಿಗೇ ಹತ್ತುವುದು.

ಗುಪ್ತದೋಷದ ವಿಷಯದಲ್ಲಿ ಬೇಲೂರೇ ನಮಗೆ ಆದಿಪ್ರಕರಣವನ್ನು ಕೊಟ್ಟಿದೆ. ಕಪ್ಪೆಚೆನ್ನಿಗರಾಯನ ಕಥೆ ಗೊತ್ತಿಲ್ಲದವರಿಲ್ಲ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ. ತಪ್ಪಿದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಶಿಲ್ಪಿ ಜಕಣಾಚಾರಿ ಪಣ ತೊಟ್ಟ. ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ, ಅಲ್ಲಿ ಉಳಿ ಇಟ್ಟಾಗ ನೀರಿನೊಂದಿಗೆ ಕಪ್ಪೆ ಹೊರಬಂತು. ಜಕಣಾಚಾರಿಯ ಸಹಿ ಬೇಲೂರಿನ ಶಿಲ್ಪಗಳ ಕೆಳಗೆ ಇಲ್ಲವೆಂದು ಚರಿತ್ರೆಕಾರರು ತಕರಾರು ತೆಗೆಯುತ್ತಾರೆ. ಇರಲಿ, ನ್ಯಾಯಶಾಸ್ತ್ರಕ್ಕೆ ಕಪ್ಪೆ ಸಾಕು. ಗಂಧದ ಪರೀಕ್ಷೆಯಲ್ಲಿ ಮಾಲಿಗೆ ಏಟು ಬೀಳದೆ ದೋಷದ ಜಾಗ ಗೊತ್ತಾಯಿತು. ಇಂದು ಗ್ರೈಂಡರಿನ ಬೇರಿಂಗಿಗೆ ಇಷ್ಟು ಸೌಮ್ಯವಾದ ಪರೀಕ್ಷೆ ನಮ್ಮಲ್ಲಿಲ್ಲ. ಇನ್ನು ಹೊಣೆಗಾರಿಕೆ. ಕಪ್ಪೆಯಿರುವುದು ಶಿಲ್ಪಿಗೆ ಗೊತ್ತಿರಲಿಲ್ಲ. 1872ರ ಕರಾರು ಕಾಯಿದೆಯ 17ನೇ ಕಲಮಿನ ಪ್ರಕಾರ ಗೊತ್ತಿದ್ದು ಮುಚ್ಚಿಟ್ಟರೆ ಮಾತ್ರ ವಂಚನೆ. ಗೊತ್ತಿಲ್ಲದೆ, ನಂಬಿ ಹೇಳಿದ್ದು 18ನೇ ಕಲಮಿನ ತಪ್ಪು ನಿರೂಪಣೆ. ಅದಕ್ಕೆ ಕರಾರು ರದ್ದು ಮಾಡಿಕೊಳ್ಳುವ ಹಕ್ಕು ರಾಜನಿಗಿತ್ತು, ಅಷ್ಟೆ. ಕೈ ಕತ್ತರಿಸುವ ಅಗತ್ಯ ಕಾಯಿದೆಯಲ್ಲಿ ಎಲ್ಲೂ ಕಾಣುವುದಿಲ್ಲ. ಒಳ್ಳೆಯ ವಕೀಲರು ಸಿಗದೆ ಹೋದದ್ದು ಶಿಲ್ಪಿಯ ದುರದೃಷ್ಟ.

ಸಹಿಯ ಮಾತು ಬಂದದ್ದರಿಂದ ಒಂದು ವಿಷಯಾಂತರ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ಬೇಲೂರಿನಲ್ಲಿ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದರು, ಊರು ಕೆತ್ತಿದರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ ಕೆತ್ತಿಕೊಂಡರು. ಬಡಾಯಿಯಂತೂ ಇತ್ತು, ಆದರೆ ವಿಳಾಸವಿತ್ತು. ನಮ್ಮ ಕಾಲದ ಮಾರಾಟಗಾರ ಬಡಾಯಿಯನ್ನು ಉಳಿಸಿಕೊಂಡಿದ್ದಾನೆ. ಹೆಸರಿರಬೇಕಾದ ಕಡೆ ದಾಸವಾಳದ ಹೂವಿನ ಚಿತ್ರವಿರುತ್ತದೆ.

ಧರ್ಮಶಾಸ್ತ್ರದ ತೀರ್ಪಿಗೆ ಬರೋಣ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ಕಾಲಾವಕಾಶ ಎಂಬ ಪಟ್ಟಿಯಿದೆ. ಬೀಜಕ್ಕೆ ಹತ್ತು ದಿನ, ಹೊರೆ ಹೊರುವ ಪಶುವಿಗೆ (ವಾಹ್ಯಕ್ಕೆ) ಐದು, ರತ್ನಕ್ಕೆ ಏಳು, ಹಾಲು ಕರೆಯುವ ಹಸುವಿಗೆ ಮೂರು, ಕಬ್ಬಿಣಕ್ಕೆ ಒಂದು ದಿನ. (ದಾಸದಾಸಿಯರಿಗೂ ಅದರಲ್ಲೇ ಅವಧಿ ಕೊಟ್ಟಿದೆ. ಆ ಭಾಗ ಬಂದಾಗ ತಲೆ ತಗ್ಗಿಸಿ ಮುಂದಿನ ಸಾಲಿಗೆ ಹೋಗುವುದು.) ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಆರನೆಯ ವಿಕ್ರಮಾದಿತ್ಯನ ಕಾಲದವನು. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನ ಅದೇ ವಿಕ್ರಮಾದಿತ್ಯನ ಸಾಮಂತ. ಆದುದರಿಂದ ಬೇಲೂರಿನವನಿಗೆ ಕಬ್ಬಿಣ ಪರೀಕ್ಷಿಸಲು ಒಂದು ದಿನ ಸಿಗಬೇಕೆಂಬುದು ನ್ಯಾಯವ್ಯಾಪ್ತಿಯ ದೃಷ್ಟಿಯಿಂದಲೂ ನಿರ್ವಿವಾದ.

ಆಕ್ಷೇಪ: ಕೌಟಿಲ್ಯನ ಅರ್ಥಶಾಸ್ತ್ರ ವಸ್ತುವನ್ನು ಬಿಟ್ಟು ಮನುಷ್ಯನನ್ನು ನೋಡುತ್ತದೆ. ವ್ಯಾಪಾರಿಗೆ ಒಂದು ರಾತ್ರಿ, ರೈತನಿಗೆ ಮೂರು ರಾತ್ರಿ, ದನ ಕಾಯುವವನಿಗೆ ಐದು. ಹಾಗಾದರೆ ರೈತ ಕಬ್ಬಿಣ ಕೊಂಡರೆ ಒಂದು ದಿನವೋ ಮೂರು ರಾತ್ರಿಯೋ? ಸಮಾಧಾನ: ಯಾಜ್ಞವಲ್ಕ್ಯನದು ಪರೀಕ್ಷೆಯ ಅವಧಿ, ಕೌಟಿಲ್ಯನದು ಪಶ್ಚಾತ್ತಾಪದ ಅವಧಿ. ಮೊದಲ ದಿನ ಎಳೆದು ನೋಡತಕ್ಕದ್ದು, ಉಳಿದ ರಾತ್ರಿಗಳಲ್ಲಿ ಹೊಟ್ಟೆ ಉರಿದುಕೊಳ್ಳತಕ್ಕದ್ದು. ಪುನರಾಕ್ಷೇಪ: ಕಳೆ ಮಿಷನ್ನಿನಲ್ಲಿ ಅರ್ಧಕ್ಕರ್ಧ ಪ್ಲಾಸ್ಟಿಕ್, ಅದನ್ನು ಕಬ್ಬಿಣವೆನ್ನುವುದು ಹೇಗೆ? ಹೆಗಲಿಗೆ ಹೇರಿಕೊಳ್ಳುವುದರಿಂದ ವಾಹ್ಯವೆಂದು ಕರೆದು ಐದು ದಿನ ಪಡೆಯೋಣವೆಂದರೆ, ಹೊರುವವನು ಮನುಷ್ಯ, ಮಿಷನ್ ಹೊರೆ. ಆ ವಾದ ನಿಲ್ಲುವುದಿಲ್ಲ. ಒಂದು ದಿನಕ್ಕೇ ತೃಪ್ತಿಪಡಬೇಕು.

ಆಧುನಿಕರು ಇಷ್ಟೂ ಕೊಟ್ಟಿಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮು, ನೀನೇ ಪರೀಕ್ಷಿಸಿ ಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ಅಳಬೇಡ ಎನ್ನುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಧಾರಾಳಿ: ದೂರು ಕೊಡಲು ಎರಡು ವರ್ಷ ಕಾಲಾವಕಾಶ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ದೂರುದಾರ ತನ್ನ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆದರೆ ಅದರಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳು, ವ್ಯಾಪಾರವಾಗಿ ಅಲ್ಲದೆ ಸ್ವಂತಕ್ಕೆಂದು ಇಟ್ಟುಕೊಂಡದ್ದನ್ನು ಮಾರುವ ಖಾಸಗಿ ಮನುಷ್ಯನಿಗೆ ಅನ್ವಯಿಸುವುದೇ ಇಲ್ಲ. ‘ಒಂದೇ ಕೈ, ಮನೆ ತೋಟಕ್ಕೆ ಮಾತ್ರ ಬಳಸಿದ್ದು’ ಎಂಬ ಪ್ರಶಸ್ತಿಯ ಗೂಢಾರ್ಥ ಈಗ ಹೊಳೆಯುತ್ತದೆ. ಅದನ್ನು ಬರೆದವನು ನಮ್ಮೆಲ್ಲರಿಗಿಂತ ದೊಡ್ಡ ಪಂಡಿತ.

ಸಿದ್ಧಾಂತ ಇಷ್ಟು. ಮಾರುವವನೂ ಕೊಳ್ಳುವವನೂ ಬೆಳಗ್ಗೆ ಹಳೇಬೀಡಿನಲ್ಲಿ ಸೇರಬೇಕು, ಅದು ಇಬ್ಬರಿಗೂ ನಡುವಿನ ಊರು. ಸೈಲೆನ್ಸರ್ ತಣ್ಣಗಿರಬೇಕು. ಅರ್ಧ ದುಡ್ಡು ಆಗಲೇ ಕೊಟ್ಟು ಮಿಷನ್ನನ್ನು ತೋಟಕ್ಕೆ ಒಯ್ದು, ಟೂಟಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ಟ್ಯಾಂಕ್ ಸುಟ್ಟು, ಮಾರನೆಯ ಬೆಳಗ್ಗೆ ಉಳಿದರ್ಧ ಕೊಡುವುದು ಅಥವಾ ಮಿಷನ್ನು ಕೊಟ್ಟು ದುಡ್ಡು ಈಸಿಕೊಳ್ಳುವುದು. ಕಬ್ಬಿಣಕ್ಕೆ ಒಂದು ದಿನ. ಇದಕ್ಕೆ ಒಪ್ಪದ ಮಾರಾಟಗಾರನ ಮಾಲಿನಲ್ಲಿ ಕಪ್ಪೆಯಿದೆ ಎಂದೇ ತಿಳಿಯತಕ್ಕದ್ದು. ಫೋಟೊ ನೋಡಿದ ಕೂಡಲೇ ಪೂರ್ತಿ ದುಡ್ಡು ಫೋನಿನಲ್ಲೇ ಕಳಿಸಿದವನಿಗೆ ಯಾಜ್ಞವಲ್ಕ್ಯನಲ್ಲೂ ಪರಿಹಾರವಿಲ್ಲ, ಕೌಟಿಲ್ಯನಲ್ಲೂ ಇಲ್ಲ. ಅವನು ನೇರ ಮೆಕ್ಯಾನಿಕ್ ಅಂಗಡಿಗೆ ಹೋಗಬೇಕು.