ದೊರೆಯೂ ಜೂನ್‌ನಲ್ಲೇ ಹುಟ್ಟಿದನಂತೆ

ಮಾರಿಕುಪ್ಪಂ ಟ್ರೈನು ಹತ್ತಿ ದಿನಾ ಬೆಂಗಳೂರಿಗೆ ಹೋಗಿಬರುವ ನಮ್ಮಕ್ಕನ ಮಗ ಹೊಸ ವರ್ಷಕ್ಕೆ ಒಂದು ಡೈರಿ ತಂದುಕೊಟ್ಟ. "ಡೈರಿ ಅಲ್ಲ ಮಾಮ, ಪ್ಲಾನರ್" ಅಂತ ತಿದ್ದಿದ. ನಮ್ಮೂರು ಕ್ಯಾಸಂಬಳ್ಳಿಯಲ್ಲಿ ಡೈರಿ ಅಂದರೆ ಹಾಲು ಹಾಕುವ ಜಾಗ. ಹಾಗಾಗಿ ನಾನೂ ಒಪ್ಪಿಕೊಂಡೆ. ದಪ್ಪ ರಟ್ಟು, ನಡುವೆ ರೇಷ್ಮೆ ದಾರ, ಮುಟ್ಟಿದರೆ ಜಾರುವ ಹಾಳೆ. ಆದರೆ ತಿಥಿ ಇಲ್ಲ, ನಕ್ಷತ್ರ ಇಲ್ಲ, ರಾಹುಕಾಲ ಮೊದಲೇ ಇಲ್ಲ. ಅಮಾವಾಸ್ಯೆ ಯಾವತ್ತು ಅಂತ ಹೇಳದ ಪುಸ್ತಕ ಇಟ್ಟುಕೊಂಡು ಅದ್ಯಾವ ಪ್ಲಾನು ಮಾಡುತ್ತಾರೋ!

ಹಬ್ಬಗಳಿಗೆ ಮಾತ್ರ ಬರವಿಲ್ಲ. ಹಾಗೆ ನೋಡಿದರೆ ಹಬ್ಬದ ವಿಷಯದಲ್ಲಿ ನಮ್ಮನ್ನು ಬೆಚ್ಚಿಬೀಳಿಸುವುದು ಕಷ್ಟ. ಈ ಕಡೆ ಆಂಧ್ರ, ಆ ಕಡೆ ತಮಿಳುನಾಡು, ಮಗ್ಗುಲಲ್ಲೇ ಕೆಜಿಎಫ್. ಜನವರಿ 1ಕ್ಕೆ ಕೇಕು, ಯುಗಾದಿಗೆ ಹೋಳಿಗೆ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿಯ ಜೊತೆಗೇ ತಮಿಳರ ಹೊಸ ವರ್ಷ. ವರ್ಷಕ್ಕೆ ಮೂರು ಸಲ ಹೊಸ ವರ್ಷ ಮಾಡಿಯೂ ಹಳಬರಾಗಿಯೇ ಉಳಿದವರು ನಾವು.

ಆದರೂ ಫೆಬ್ರವರಿ 2ರ ಪುಟಕ್ಕೆ ಬಂದಾಗ ಕನ್ನಡಕ ಒರೆಸಿಕೊಂಡೆ. ‘ಗ್ರೌಂಡ್‌ಹಾಗ್ ಡೇ’. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆಗ್ಗಣಕ್ಕೆ ದೊಡ್ಡಪ್ಪನಂಥ ಒಂದು ಪ್ರಾಣಿ ಅವತ್ತು ಬಿಲದಿಂದ ಹೊರಬಂದು ತನ್ನ ನೆರಳು ಕಂಡರೆ ಇನ್ನು ಆರು ವಾರ ಚಳಿ ಗ್ಯಾರಂಟಿಯಂತೆ. ಅದನ್ನು ನೋಡಲು 1887ರಿಂದ ಜನ ನೆರೆಯುತ್ತಾರಂತೆ. ನಮ್ಮ ತಾತ ಇದ್ದದ್ದು ಚಾಂಪಿಯನ್ ರೀಫ್‌ನಲ್ಲಿ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದ ಗಣಿ ಅದು. ಶಿಫ್ಟ್ ಮುಗಿಸಿ ದಿನಾ ಅಂಥಾ ಬಿಲದಿಂದ ಎದ್ದು ಬರುತ್ತಿದ್ದರು, ನೋಡಲು ನರಪಿಳ್ಳೆ ನೆರೆಯುತ್ತಿರಲಿಲ್ಲ. ಅವರೂ ನೆರಳು ಗಿರಳು ನೋಡದೆ ನೇರ ಟೀ ಅಂಗಡಿ ನೋಡುತ್ತಿದ್ದರು. ಗಣಿಗೆ ಬೀಗ ಬಿದ್ದದ್ದೂ ಫೆಬ್ರವರಿಯಲ್ಲೇ, 2001ರ 28ನೇ ತಾರೀಖು. ಪ್ಲಾನರಿನಲ್ಲಿ ಆ ದಿನಕ್ಕೆ ಬರೀ ಗೆರೆ.

ನನ್ನ ಮನಸ್ಸಿಗೆ ನಾಟಿದ್ದು ಜೂನ್ ತಿಂಗಳ ‘ಕಿಂಗ್ಸ್ ಬರ್ತ್‌ಡೇ’. ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14ಕ್ಕೆ, ನಮ್ಮ ಮಕ್ಕಳ ದಿನಾಚರಣೆಯ ದಿನ. ಸರ್ಕಾರಿ ಹುಟ್ಟುಹಬ್ಬ ಮಾತ್ರ ಜೂನ್‌ನಲ್ಲಿ! ನವೆಂಬರಿನ ಚಳಿಯಲ್ಲಿ ಮೆರವಣಿಗೆ ಆಗೋದಿಲ್ಲ ಅನ್ನುವುದು ಅವರ ಸಬೂಬು. ನನಗೆ ಅಸಲಿ ಸಂಗತಿ ಹೊಳೆದುಹೋಯಿತು. ಆತನನ್ನೂ ಯಾರೋ ಮೇಷ್ಟ್ರು ಸ್ಕೂಲಿಗೆ ಸೇರಿಸಿದ್ದಾರೆ.

ನಮ್ಮ ಓರಗೆಯವರಲ್ಲಿ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ. ನನ್ನನ್ನು ಸೇರಿಸಲು ಹೋದ ಅಮ್ಮ "ರಾಗಿ ಕುಯ್ಲು ಟೈಮು ಸಾ, ಕರೀ ಹಸ ಈದಿತ್ತು" ಅಂದಳು. ಅಲ್ಲಿಗೆ ನಾನೂ ದೊರೆಯ ಹಾಗೆ ನವೆಂಬರಿನ ಆಸುಪಾಸಿನವನೇ. ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟು ಅಂದರು. ಬೆರಳು ಎಟುಕಲಿಲ್ಲ. ಕತ್ತನ್ನು ಒಂಚೂರು ಓರೆ ಮಾಡಿದೆ, ಮುಟ್ಟಿತು. ‘ಒಂದು, ಆರು’ ಅಂತ ಬರೆದುಕೊಂಡರು. ಹೀಗೆ ಕತ್ತು ಓರೆ ಮಾಡಿ ಹುಟ್ಟಿದವನು ನಾನು. ಚಾರ್ಲ್ಸ್ ದೊರೆಗೆ ಇಷ್ಟು ಕಷ್ಟ ಆಗಿರಲಿಕ್ಕಿಲ್ಲ. ಫೋಟೋದಲ್ಲಿ ನೋಡಿದ್ದೀನಲ್ಲ, ಕಿವಿಗಳೇ ಅರ್ಧ ದಾರಿ ಎದುರು ಬಂದಿರುತ್ತವೆ.

ಅಕ್ಟೋಬರ್ 24ಕ್ಕೆ ವಿಶ್ವಸಂಸ್ಥೆ ದಿನ. ಮಾರನೇ ದಿನ ಖಾಲಿ. 1947ರಲ್ಲಿ ಅದೇ ಮಾರನೇ ದಿನ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಕೆ. ಚೆಂಗಲರಾಯ ರೆಡ್ಡಿ, ಆ ‘ಕೆ’ ಅಂದರೆ ನಮ್ಮ ಕ್ಯಾಸಂಬಳ್ಳಿ! ಕೆಂಪು ಪೆನ್ನು ತಗೊಂಡು ನಾನೇ ಬರೆದೆ.

"ರಜಾ ಕೊಡ್ತಾರಾ ಮಾಮ?" ಅಂದ ಅಕ್ಕನ ಮಗ.

ಈಗ ಪ್ಲಾನರು ನಮ್ಮ ಮನೆಯವಳಿಗೂ ಒಗ್ಗಿದೆ. ನಿನ್ನೆ ನವೆಂಬರಿನ ‘ಥ್ಯಾಂಕ್ಸ್‌ಗಿವಿಂಗ್ ಡೇ’ ತೆರೆದೆ. ಕಂಡವರಿಗೆಲ್ಲ ಕೃತಜ್ಞತೆ ಹೇಳುವ ಆ ಪುಟದಲ್ಲಿ ಅವಳ ದುಂಡಕ್ಷರ: ‘ಎದುರುಮನೆ ಅಕ್ಕ, ರಾಗಿ ಎರಡು ಸೇರು. ಇನ್ನೂ ಕೊಟ್ಟಿಲ್ಲ.’