ಟೇಪು ಹಿಡಿದ ಸೊಸೆ

ಹಾಸನ ಜಿಲ್ಲೆಯಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಲು ಎಸೆದರೆ ಅದು ಹೋಗಿ ಬೀಳುವುದು ಹೊಯ್ಸಳರ ಯಾವುದೋ ಕಲ್ಲಿನ ಮೇಲೆಯೇ. ಇಂಥ ಜಿಲ್ಲೆಯಲ್ಲಿ ಕೂತು, ಹಳೆಯ ಕಟ್ಟಡಗಳನ್ನು ಕಾಪಾಡುವುದು ಹೇಗೆಂದು ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಆನ್‌ಲೈನಿನಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, ‘ಹಾಸನದ ಆಲೂಗಡ್ಡೆಯನ್ನು ಅಲ್ಲಿಗೆ ಕಳಿಸಿ ಚಿಪ್ಸ್ ಮಾಡಿಸಿ ತರಿಸಿಕೊಂಡ ಹಾಗಾಯ್ತು’ ಎಂದರು. ಫೀಸು ಕಟ್ಟುವವನು ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಎಂದು ಗೊತ್ತಾದ ಮೇಲೆ ಪೇಪರ್ ಮಡಚಿಟ್ಟು, ‘ಓದು, ಓದು, ವಿದ್ಯೆಗೆ ವಯಸ್ಸಿಲ್ಲ’ ಎಂದರು. ತಮ್ಮನಿಗೂ ಇದು ಲಾಭವೇ. ಹುಟ್ಟೂರಿನ ಮೇಲಿನ ಪ್ರೀತಿ ತೋರಿಸಲು ಊರಿಗೆ ಬಂದು ನಾಲ್ಕು ದಿನ ಇರುವುದಕ್ಕಿಂತ ಅಕ್ಕನ ಫೀಸು ಕಟ್ಟುವುದು ಸುಲಭ.

ಅಲ್ಲಿ ಸಂಜೆ ಆರೂವರೆಗೆ ನಡೆಯುವ ತರಗತಿ ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆ. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುವುದರಿಂದ ಐದಕ್ಕೆ. ಹೊತ್ತು ಮೂಡುವ ಮುಂಚೆ ನಮ್ಮನೆಯಲ್ಲಿ ದೀಪ ಉರಿಯುವುದನ್ನು ಕಂಡ ಎದುರು ಮನೆಯವರು ನಾನು ಯಾವುದೋ ಕಟ್ಟುನಿಟ್ಟಿನ ವ್ರತ ಹಿಡಿದಿದ್ದೇನೆಂದು ತಿಳಿದು, ಧನುರ್ಮಾಸದಲ್ಲಿ ಹುಗ್ಗಿ ಪ್ರಸಾದಕ್ಕೆಂದು ಮಗನ ಕೈಯಲ್ಲಿ ಡಬ್ಬಿ ಕಳಿಸಿದರು. ಅದೇ ಹೊತ್ತಿಗೆ ಸರಿಯಾಗಿ ಬೀದಿ ಕೊನೆಯ ಗುಡಿಯ ಮೈಕು ಶುರುವಾಗುತ್ತದೆ. ಪ್ರೊಫೆಸರು ಮೊದಲ ದಿನ, ‘ನಿಮ್ಮ ಹಿಂದೆ ಏನೋ ಉತ್ಸವ ನಡೆಯುತ್ತಿರುವ ಹಾಗಿದೆ’ ಎಂದರು. ‘ದಿನಾ ನಡೆಯುತ್ತೆ ಸಾರ್’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅದು ಅಮೂರ್ತ ಪರಂಪರೆ ಎಂದು ತೀರ್ಮಾನಿಸಿ, ನನಗೆ ಮೈಕ್ ಆಫ್ ಮಾಡಲು ಹೇಳುವುದನ್ನೇ ಬಿಟ್ಟರು.

ಮೊದಲ ಪಾಠದಲ್ಲೇ ತಿಳಿದ ಸಂಗತಿಯೆಂದರೆ, ಅಮೆರಿಕದಲ್ಲಿ ಕಟ್ಟಡವೊಂದು ಚಾರಿತ್ರಿಕ ಎನ್ನಿಸಿಕೊಳ್ಳಲು ಸಾಮಾನ್ಯವಾಗಿ 50 ವರ್ಷ ತುಂಬಿದ್ದರೆ ಸಾಕು. 1963ರಲ್ಲಿ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ಸ್ಟೇಷನ್ ಎಂಬ ಭವ್ಯವಾದ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿ, ಆಮೇಲೆ ಅಯ್ಯೋ ಎಂದು ಕೈ ಕೈ ಹಿಸುಕಿಕೊಂಡವರು 1966ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿಕೊಂಡರು. ನಮ್ಮ ದೇಶದ 1958ರ ಕಾಯ್ದೆಗೆ 50 ಏನೂ ಅಲ್ಲ. ಪ್ರಾಚೀನ ಸ್ಮಾರಕ ಎನ್ನಿಸಿಕೊಳ್ಳಲು ಕನಿಷ್ಠ 100 ವರ್ಷವಾದರೂ ಆಗಿರಬೇಕು. ಐವತ್ತು ದಾಟಿದ ನಾನು ಅಲ್ಲಿ ಅರ್ಹಳು, ಇಲ್ಲಿ ಇನ್ನೂ ಅಪ್ರಾಪ್ತೆ.

ಎಲ್ಲರೂ ತಂತಮ್ಮ ಊರಿನ ಪರಂಪರೆಯನ್ನು ಪರಿಚಯಿಸಬೇಕಿತ್ತು. ಸಹಪಾಠಿಯೊಬ್ಬಳು 1930ರ ದಶಕದ ಪೆಟ್ರೋಲ್ ಬಂಕೊಂದರ ಫೋಟೊ ತೋರಿಸಿ ಗದ್ಗದಿತಳಾದಳು. ಅವಳ ಬೆನ್ನಿಗೇ ನನ್ನ ಸರದಿ. 1117ರ ಬೇಲೂರನ್ನು ತೆಗೆದು ಅವಳ ಮನಸ್ಸು ನೋಯಿಸುವುದು ಬೇಡ ಎಂದು ಬಿಟ್ಟರೂ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ಬಿಡಲಾಗಲಿಲ್ಲ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಏಕಶಿಲೆಯ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ, ಹೋದ ಸಲ ನಡೆದದ್ದು 2018ರಲ್ಲಿ ಎಂದು ಹೇಳಿ ವಿಡಿಯೊ ಹಾಕಿದೆ. ಹಾಲು ಸುರಿಯಿತು, ಕಬ್ಬಿನ ಹಾಲು ಸುರಿಯಿತು, ಅರಿಶಿನದ ನೀರು ಸುರಿದು ಗೊಮ್ಮಟ ಹಳದಿಯಾದ. ಪರದೆಯ ಮೇಲಿದ್ದ ಎಲ್ಲ ಚೌಕಗಳಲ್ಲೂ ಬಾಯಿಗಳು ತೆರೆದುಕೊಂಡವು. ಹಳೆಯ ಕಲ್ಲನ್ನು ಮುಟ್ಟಬೇಕಾದರೆ ಕೈಗವಸು ಹಾಕಿಕೊಳ್ಳಿ ಎಂದು ಹೋದ ವಾರವಷ್ಟೇ ಕಲಿತವರು ಅವರು. ಪ್ರೊಫೆಸರು ನನ್ನ ನೆರವಿಗೆ ಬಂದು, ಸ್ಮಾರಕಗಳ ಸಂರಕ್ಷಣೆಗೆಂದು ಮಾಡಿದ 1964ರ ವೆನಿಸ್ ಸನ್ನದು ಕಲ್ಲಿನ ಕಡೆ ನಿಂತರೆ, 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದವರು ಯಾವುದು ಅಸಲಿ ಎಂಬುದನ್ನು ಆಯಾ ಸಂಸ್ಕೃತಿಯ ಒಳಗೇ ನಿಂತು ನೋಡಬೇಕೆಂದು ಒಪ್ಪಿಕೊಂಡರು ಎಂದು ವಿವರಿಸಿದರು. ಆ ಪೂಜೆ ನಿಂತರೆ ಗೊಮ್ಮಟನಿಗೆ ಏನಾಗುತ್ತದೆ ಎಂದು ಪೆಟ್ರೋಲ್ ಬಂಕಿನವಳು ಕೇಳಿದಳು. ಮೂರ್ತಿಗೆ ಏನೂ ಆಗದು, ನಮಗೆ ಆಗುತ್ತದೆ ಎಂದೆ. ಅವಳು ಬರೆದುಕೊಂಡಳು.

ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ಎರಡನೆಯ ಸೆಮಿಸ್ಟರಿನಲ್ಲಿ, ಯಾವುದಾದರೂ ಹಳೆಯ ಕಟ್ಟಡವನ್ನು ಇಂಚಿಂಚೂ ಅಳೆದು, ನಕ್ಷೆ ಬರೆದು, ಅದರ ಕಥೆಯನ್ನು ದಾಖಲಿಸಿ ಎಂಬ ಅಸೈನ್‌ಮೆಂಟು ಬಂತು. ನಮ್ಮವರ ಪಿತ್ರಾರ್ಜಿತ ತೊಟ್ಟಿಮನೆ ಹೊಳೆನರಸೀಪುರದಲ್ಲಿದೆ. ನಾಡಹೆಂಚು, ಹಲಸಿನ ಕಂಬಗಳು, ಬೋದಿಗೆಗಳು, ಬೀದಿಗೆ ಮುಖ ಮಾಡಿದ ಜಗಲಿ, ಜಗಲಿಯ ಮೇಲೆ ಅತ್ತೆ. ಇದಕ್ಕಿಂತ ಬೇರೆ ಕಟ್ಟಡ ಯಾಕೆ? ರಜೆಯಲ್ಲಿ ಒಂದು ಬೆಳಿಗ್ಗೆ ಓರಗಿತ್ತಿಯ ಮಗಳಿಗೆ ಟೇಪಿನ ತುದಿ ಹಿಡಿಸಿ ಜಗಲಿಯಿಂದ ಶುರು ಮಾಡಿದೆ.

ನಮ್ಮ ಕಡೆ ಸೊಸೆಯಾದವಳು ಟೇಪು ಹಿಡಿದು ಮನೆ ಅಳೆಯುತ್ತಿದ್ದಾಳೆ ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ: ಹಿಸ್ಸೆ. ಎದುರು ಜಗಲಿಯವರು ನೋಡಿದರು. ನಾನು ಕೈಸಾಲೆ ಮುಗಿಸಿ ನಡುಮನೆಗೆ ಬರುವಷ್ಟರಲ್ಲಿ ಸುದ್ದಿ ಚನ್ನರಾಯಪಟ್ಟಣ ಮುಟ್ಟಿತ್ತು. ಅಲ್ಲಿ ಸಿಮೆಂಟು, ಪೇಂಟಿನ ಅಂಗಡಿ ಇಟ್ಟಿರುವ ಭಾವ ಶಟರ್ ಎಳೆದು ಮಧ್ಯಾಹ್ನದ ಊಟದ ಹೊತ್ತಿಗೆ ಬಂದಿಳಿದರು. ನನ್ನ ಟೇಪಿನ ಮೇಲೆ ನಂಬಿಕೆ ಸಾಲದೆ ಅಂಗಡಿಯಿಂದ ತಮ್ಮದೇ ಟೇಪು ತಂದಿದ್ದರು. ಸಂಜೆಗೆ ಅರಕಲಗೂಡಿನಿಂದ ನಾದಿನಿ ಗಂಡನ ಸಮೇತ ಬಂದಳು. ಬಂದವಳೇ ನೀರು ಕೂಡ ಕುಡಿಯದೆ, ‘2005ರ ಕಾನೂನು ಗೊತ್ತಲ್ಲ ಅತ್ತಿಗೆ? ಹೆಣ್ಣುಮಕ್ಕಳಿಗೂ ಸಮಪಾಲು’ ಎಂದಳು. ಇದು ಓದಿನ ಕೆಲಸ ಕಣಮ್ಮ ಎಂದೆ. ‘ಓದಿದವರೇ ಹೀಗೆ ಮಾಡೋದು’ ಎಂದಳು. ನಮ್ಮ ಯಜಮಾನರು ಇದ್ದಕ್ಕಿದ್ದಂತೆ ಹಾಲು ತರಲು ಹೊರಟರು. ಮನೆಯಲ್ಲಿ ಹಾಲಿತ್ತು.

ಕೊನೆಗೆ ಅತ್ತೆಯೇ ಜಗಲಿಯಿಂದ ಎದ್ದು ಬಂದರು. ‘ಅಳೀಲಿ ಬಿಡ್ರೋ. ಅಳೆದ್ರೆ ಮನೆ ಏನು ಸವೆದು ಹೋಗುತ್ತಾ? ನಾನು ಇರೋ ತನಕ ಯಾರಿಗೂ ಯಾವ ಪಾಲೂ ಇಲ್ಲ. ಎಲ್ಲಾ ಕೈಕಾಲು ತೊಳ್ಕೊಂಡು ಬನ್ನಿ, ಮುದ್ದೆ ಆರಿಹೋಗ್ತಿದೆ’ ಎಂದರು.

ಊಟವಾದ ಮೇಲೆ ಯಾರೂ ಹೊರಡಲಿಲ್ಲ. ಅಳತೆಯ ಮೇಲೆ ಕಣ್ಣಿಡುವುದು ಒಳ್ಳೆಯದೆಂದು ಎಲ್ಲರೂ ನನ್ನ ಹಿಂದೆಯೇ ತಿರುಗಿದರು. ತಿರುಗುತ್ತ ತಿರುಗುತ್ತ ಮಾತಿಗೆ ಶುರುವಿಟ್ಟರು. ಕಂಬಗಳನ್ನು ತಾತ ಸಕಲೇಶಪುರದಿಂದ ಗಾಡಿಯಲ್ಲಿ ತಂದರೆಂದು ಭಾವ. ಅಲ್ಲ, ಮಳೆಗಾಲದಲ್ಲಿ ಹೇಮಾವತಿಯಲ್ಲಿ ತೇಲಿಬಿಟ್ಟು ಇಲ್ಲಿ ಹಿಡಿದುಕೊಂಡರೆಂದು ನಾದಿನಿ. ‘ಈಗ ತೇಲಿಬಿಟ್ಟರೆ ಗೊರೂರು ಅಣೆಕಟ್ಟಿನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ’ ಎಂದು ಅವಳ ಗಂಡ. ಅಣೆಕಟ್ಟು ಮುಗಿದದ್ದು 1979ರಲ್ಲಿ, ತಾತ ಮನೆ ಕಟ್ಟಿಸಿದ್ದು ಅದಕ್ಕಿಂತ ಎಷ್ಟೋ ಮುಂಚೆ ಎಂದು ನಾನು ತಿದ್ದಿದೆ. ಪಡಸಾಲೆಯ ಗೂಡಿನಲ್ಲಿ ಅಜ್ಜಿ ಕಾಸು ಬಚ್ಚಿಡುತ್ತಿದ್ದದ್ದು, ಅದನ್ನು ಕದ್ದವರು ಯಾರು ಎಂಬುದು, ಅಟ್ಟದ ಮೇಲಿನ ಹಂಡೆ ಯಾರ ಮದುವೆಯದು ಎಂಬುದು, ಎಲ್ಲವೂ ಹೊರಬಿತ್ತು. ನಾನು ಮೊಬೈಲು ಆನ್ ಮಾಡಿ ನೀರಿನ ಚೊಂಬಿನ ಪಕ್ಕದಲ್ಲಿಟ್ಟಿದ್ದೆ. ಪ್ರೊಫೆಸರು ಆಮೇಲೆ ಬರೆದದ್ದು: ‘ಸಂಬಂಧಪಟ್ಟ ಎಲ್ಲರನ್ನೂ ಒಂದೇ ದಿನ ಒಂದೇ ಕಡೆ ಸೇರಿಸಿ ಅಭಿಪ್ರಾಯ ಪಡೆದಿದ್ದೀರಿ. ಈ ತರಗತಿಯಲ್ಲಿ ಬೇರೆ ಯಾರಿಗೂ ಇದು ಸಾಧ್ಯವಾಗಿಲ್ಲ. ನಿಮ್ಮ ವಿಧಾನವನ್ನು ವಿವರಿಸಿ.’ ಟೇಪು ಹಿಡಿದೆ, ಅಷ್ಟೇ ಎಂದು ಉತ್ತರ ಬರೆದೆ.

ಬಚ್ಚಲ ಪಕ್ಕದ ಗೋಡೆಯ ವಿಷಯವೇ ಬೇರೆ. ಅದಕ್ಕೆ ಹಿಂದೊಮ್ಮೆ ಭಾವನ ಅಂಗಡಿಯ ಸಿಮೆಂಟಿನಲ್ಲೇ ಗಿಲಾವು ಆಗಿತ್ತು. ಈಗ ಉಬ್ಬಿಕೊಂಡು ಹಪ್ಪಳ ಹಪ್ಪಳವಾಗಿ ಉದುರುತ್ತಿತ್ತು. ನಾದಿನಿ ಅರಕಲಗೂಡು ಕಡೆಯ ಒಬ್ಬ ಹಿರಿಯ ಗಾರೆ ಕೆಲಸದವರನ್ನು ಕರೆಸಿದಳು. ಅವರು ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದರು. ಕೆಳಗಡೆ ಡಬ್ ಡಬ್ ಎಂದಿತು, ಮೇಲುಗಡೆ ಗಟ್ಟಿಯಾಗಿ ಠಕ್ ಎಂದಿತು. ಉಗುರಿನಿಂದ ಕೆರೆದ ಬಿಳೀ ಪುಡಿಯನ್ನು ಚಿಟಿಕೆ ನಾಲಗೆಗೆ ಹಚ್ಚಿ ಉಗಿದು, ‘ಉಪ್ಪು ಎದ್ದೈತೆ ಕಣವ್ವಾ. ಒಳಗಿರೋದು ಸುಣ್ಣದ ಗಾರೆ, ಅದು ಉಸಿರಾಡ್ತದೆ. ಮೇಲೆ ಸಿಮೆಂಟು ಮೆತ್ತಿ ಅದರ ಬಾಯಿ ಮುಚ್ಚಿಬಿಟ್ಟವ್ರೆ. ನೀರು ಹೊರಕ್ಕೆ ಬರಬೇಕು ಅಂದ್ರೆ ಎಲ್ಲಿಂದ ಬರ್ತದೆ?’ ಎಂದರು. ಮಣ್ಣು ಗಾರೆಯ ಹಳೆಯ ಗೋಡೆಗೆ ಸಿಮೆಂಟು ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಲವಣ ಮೇಲೆದ್ದು ಗೋಡೆ ಒಡೆಯುತ್ತದೆಂದು ನಮ್ಮ ಪ್ರೊಫೆಸರು ಬಣ್ಣಬಣ್ಣದ ಚಿತ್ರ ಹಾಕಿ ಹೇಳಿದ್ದೂ ಇದನ್ನೇ. ಸುಣ್ಣವನ್ನು ದಿನಗಟ್ಟಲೆ ನೆನೆಹಾಕುವುದು, ಅಳಲೆಕಾಯಿ ಬೆಲ್ಲ ಕೊಳೆಸಿದ ನೀರು ಬೆರೆಸುವುದು, ಗಾರೆ ಗಾಣಕ್ಕೆ ಎತ್ತು ಕಟ್ಟಿ ಅರೆಯುವುದು, ಇವೆಲ್ಲ ಅವರ ಬಾಯಿಂದಲೇ ಬಂದವು. ನಾನು ಬರೆದುಕೊಳ್ಳುವುದನ್ನು ನೋಡಿ ಏನು ಎತ್ತ ಎಂದು ವಿಚಾರಿಸಿದರು. ಹೇಳಿದೆ. ‘ಇದಕ್ಕೆ ಡಾಲರಲ್ಲಿ ಫೀಸು ಕಟ್ಟವ್ರಾ?’ ಎಂದು ನಾದಿನಿಯ ಗಂಡನ ಕಡೆ ನೋಡಿ, ಆ ದಿನದ ತಮ್ಮ ಕೂಲಿಯನ್ನು ಇನ್ನೂರು ರೂಪಾಯಿ ಏರಿಸಿದರು. ಭಾವ ಮಾತ್ರ ಮುಖ ಬಿಗಿದುಕೊಂಡು, ‘ಆಗ ಒಳ್ಳೇ ಕಂಪನಿ ಸಿಮೆಂಟೇ ಹಾಕಿದ್ದು’ ಎನ್ನುತ್ತಲೇ ಇದ್ದರು.

ಅರಕಲಗೂಡಿನ ಕಡೆಗೆ ಹೋದಾಗ ನಾದಿನಿ ತಮ್ಮೂರಿನ ಗುಡಿಯ ಜೀರ್ಣೋದ್ಧಾರ ತೋರಿಸಿದಳು. ಕಲ್ಲುಕಂಬಗಳಿಗೆ ಕೇಸರಿ ಆಯಿಲ್ ಪೇಂಟು, ನೆಲಕ್ಕೆ ಹೊಳೆಯುವ ಟೈಲ್ಸು. ಪ್ರತಿ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು, ತಂದೆಯ ಹೆಸರು, ಊರು. ಅಕ್ಷರ ಎಷ್ಟು ದಪ್ಪವಾಗಿವೆಯೆಂದರೆ ಬೆಳಕು ಅವುಗಳ ಸಂದಿಯಿಂದ ನುಸುಳಿಕೊಂಡು ಬರಬೇಕು. ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ದೇವರ ನಂದಾದೀವಿಗೆಗೆ ಇಂಥವರು ಇಷ್ಟು ಕೊಟ್ಟರು ಎಂದು ಕೊರೆಸಿದ ಶಾಸನಗಳು ನಮ್ಮ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟಿವೆ, ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳಿಗೇ ದಪ್ಪನೆಯ ಸಂಪುಟ ತಂದ. ಕೊಟ್ಟದ್ದನ್ನು ಹೇಳಿಕೊಳ್ಳುವ ಚಪಲ ಕಲ್ಲಿನಿಂದ ಟ್ಯೂಬಿಗೆ ಬಂದಿದೆ, ಅಷ್ಟೇ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಮಾಡಿದ ಮೂರ್ತಿಗಳ ಕೆಳಗೆ ಹೆಸರು ಕೊರೆದುಕೊಂಡಿದ್ದಾರೆ. ನಮ್ಮ ಪೇಂಟರಿಗೆ ಮಾತ್ರ ಆ ಭಾಗ್ಯವಿಲ್ಲ. ಹೆಸರೆಲ್ಲ ದುಡ್ಡು ಕೊಟ್ಟವರದೇ.

ದಾನ ಹಾಳುಮಾಡುವವರನ್ನು ಹೆದರಿಸುವುದರಲ್ಲೂ ಹಳಬರದೇ ಮೇಲುಗೈ. ನಮ್ಮ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಶಾಸನಗಳ ಕೊನೆಯ ಶಾಪದ ಪ್ರಕಾರ ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಬೇಕು. ಜಾಮೀನು ಇಲ್ಲ. ಇದನ್ನು ತರಗತಿಯಲ್ಲಿ ಹೇಳಿದಾಗ ಪೆಟ್ರೋಲ್ ಬಂಕಿನವಳು ತಮ್ಮ ನಗರಸಭೆಗೂ ಈ ಕಲಂ ಶಿಫಾರಸು ಮಾಡುತ್ತೇನೆಂದಳು.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವಲ್ಲ, ಆ ವಿಷಯ ಎತ್ತಿಕೊಂಡು ಭಾವ ನಮ್ಮ ಮನೆಗೂ ಯುನೆಸ್ಕೋದವರಿಂದ ಒಂದು ಬೋರ್ಡು ಹಾಕಿಸು ಎಂದು ಹೊಸ ರಾಗ ತೆಗೆದರು. ಸ್ಮಾರಕ ರಾಷ್ಟ್ರೀಯ ಮಹತ್ವದ್ದು ಎಂದಾದರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ. ಅಷ್ಟರೊಳಗೆ ಯಾರೂ ಮನಬಂದಂತೆ ಕಟ್ಟುವ ಹಾಗಿಲ್ಲ ಎಂದು ವಿವರಿಸಿದೆ. ಹಾಗಾದರೆ ಬೀದಿಯಲ್ಲಿ ಸಿಮೆಂಟು ವ್ಯಾಪಾರವೇ ನಿಂತುಹೋಗುತ್ತದಲ್ಲ ಎಂದು ಲೆಕ್ಕ ಹಾಕಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

ಇಷ್ಟೆಲ್ಲ ಅಳೆದು ಬರೆದ ಮೇಲೆ ನನಗೆ ಹೊಳೆದದ್ದು ಯಾವ ಸನ್ನದಿನಲ್ಲೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಸಲೀಸಾಗಿ ಪಾಲಾದ ಮನೆಗಳೆಲ್ಲ ಹೋಗಿ ಅಲ್ಲಿ ಆರ್‌ಸಿಸಿ ಎದ್ದಿದೆ. ಉಳಿದಿರುವುದು ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಮಾತ್ರ. ನಮ್ಮದರ ಖಾತೆ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಇದೆ. ಕೆಡವಬೇಕಾದರೆ ಎಲ್ಲರೂ ಸಹಿ ಹಾಕಬೇಕು. ಎಲ್ಲರೂ ಒಂದು ಮಾತಿಗೆ ಒಪ್ಪಿದ ದಾಖಲೆ ನಮ್ಮ ಮನೆತನದ ಇತಿಹಾಸದಲ್ಲಿ ಇಲ್ಲ. ಹಂಚೊಂದು ಒಡೆದರೆ ತಾವೇ ಮುಂದಾಗಿ ಹೊದಿಸುತ್ತಾರೆ, ಬಿಟ್ಟರೆ ಇನ್ನೊಬ್ಬರು ಹೊದಿಸಿ ಹಕ್ಕು ಸಾಧಿಸಿಯಾರೆಂಬ ಭಯಕ್ಕೆ. ಸಾಧ್ಯವಾದಷ್ಟು ಕಡಿಮೆ ಕೈಯಾಡಿಸಿ ಎಂಬ ಸಂರಕ್ಷಣೆಯ ಮೂಲಮಂತ್ರವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ಬೇರೆಲ್ಲಿ ಸಿಗಬೇಕು?

ನನ್ನ ಪ್ರಬಂಧದ ವಿಷಯ ಅದೇ ಆಯಿತು. ಹೊಳೆನರಸೀಪುರದ ತೊಟ್ಟಿಮನೆಗಳನ್ನು ಕಾಪಾಡುವುದರಲ್ಲಿ ದಾಯಾದಿ ಮನಸ್ತಾಪದ ಪಾತ್ರ. ಪ್ರೊಫೆಸರಿಗೆ ಹಿಡಿಸಿತು, ಆದರೆ ಒಂದು ಅನುಮಾನ: ಈ ವ್ಯವಸ್ಥೆ ಎಷ್ಟು ಕಾಲ ಬಾಳೀತು, ಮುಂದಿನ ಪೀಳಿಗೆಗೂ ಇದು ಮುಂದುವರಿಯುವ ಭರವಸೆ ಏನು?

ಅತ್ತೆಗೆ ಫೋನ್ ಮಾಡಿ ಕೇಳಿದೆ. ‘ಅದಕ್ಕೇನು ಬರ ಕಣೆ? ಹೋದ ವಾರ ಮೊಮ್ಮಕ್ಕಳು ಬಂದಿದ್ವು. ಅಟ್ಟದ ಮೇಲಿನ ಹಂಡೆ ಯಾರಿಗೆ ಅಂತ ಆಗಲೇ ಜುಟ್ಟು ಹಿಡ್ಕೊಂಡು ಕಿತ್ತಾಡ್ತಿದ್ವು’ ಎಂದರು.

ತಲೆಮಾರಿನಿಂದ ತಲೆಮಾರಿಗೆ ಹಸ್ತಾಂತರ ಎಂಬ ಅಧ್ಯಾಯದಲ್ಲಿ ಇದನ್ನು ಸೇರಿಸಿದ್ದೇನೆ.